ಮಕ್ಕಳ ಫುಟ್‌ಬಾಲ್ ತಂಡವನ್ನು ಎರಡು ರಾತ್ರಿ ಕ್ಯಾಂಪಿಗೆ ಕರೆದುಕೊಂಡು ಹೋಗುವವರಿಗೆ

ರಾತ್ರಿ ಒಂಬತ್ತೂಮುಕ್ಕಾಲು. ದೀಪ ಆರಿಸಿ ಹದಿನೈದು ನಿಮಿಷ ಆಗಿತ್ತು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಳಗಿಂದ ಪಿಸುಮಾತು ಕೇಳಿಸಿತು. ನಮ್ಮ ಗೋಲ್‌ಕೀಪರ್ ಮತ್ತು ಅವನ ಮುಂದೆ ನಡುವಿನಲ್ಲಿ ನಿಂತು ತಡೆಯುವ ಸೆಂಟರ್ ಬ್ಯಾಕ್ ಹುಡುಗ.

"ನೀನು ಕೂಗೋದು ನಂಗೆ ಗೊತ್ತೇ ಆಗಲ್ಲ ಕಣೋ."

"ನಾನು 'ಬಿಡು' ಅಂತೀನಲ್ಲ."

"ಎಲ್ಲರೂ 'ಬಿಡು ಬಿಡು' ಅಂತಾನೇ ಕೂಗ್ತಾರೆ. ಅದರಲ್ಲಿ ನಿಂದು ಯಾವುದು? ನೀನು 'ಕೀಪರ್' ಅನ್ನು. ಆಗ ನಾನು ಬಗ್ಗಿಬಿಡ್ತೀನಿ."

ಆರು ತಿಂಗಳಿಂದ ಇವರಿಬ್ಬರೂ ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಹೊಡೆದ ಬಾಲ್, ಬಂದಾಗೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾನು ಹೇಳದ ಮಾತಿಲ್ಲ, ಮಾಡಿಸದ ಡ್ರಿಲ್ ಇಲ್ಲ. ಅದು ಕತ್ತಲಲ್ಲಿ ಎರಡು ನಿಮಿಷದಲ್ಲಿ ಇತ್ಯರ್ಥವಾಯಿತು.

ನಾನು 13 ವರ್ಷದೊಳಗಿನ ಹುಡುಗರ ತಂಡಕ್ಕೆ ಕೋಚ್. ಇದುವರೆಗೆ ಏಳು ಕ್ಯಾಂಪ್ ಮಾಡಿದ್ದೇನೆ. ಹೊಸದಾಗಿ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು ದಿನಕ್ಕೆ ಎಷ್ಟು ಸಲ ಪ್ರಾಕ್ಟೀಸ್ ಇಡಬೇಕು ಅಂತ. ಅದು ಎರಡನೇ ಪ್ರಶ್ನೆ. ಪ್ರಾಕ್ಟೀಸ್ ಮಾಡಲು ನಿಮ್ಮ ಮೈದಾನ ಇದ್ದೇ ಇದೆ. ವಾರಕ್ಕೆರಡು ಸಲ, ಒಂದೂವರೆ ಗಂಟೆ ಬರುತ್ತಾರೆ, ಆಡುತ್ತಾರೆ. ಗೇಟಿನಲ್ಲಿ ಅಪ್ಪನೋ ಅಮ್ಮನೋ ಕಾಯುತ್ತಿರುತ್ತಾರೆ, ಬೂಟು ಬಿಚ್ಚಿ ಹೊರಟುಬಿಡುತ್ತಾರೆ. ಒಂದು ವರ್ಷ ಒಟ್ಟಿಗೆ ಆಡಿದ ಮಕ್ಕಳಿಗೆ ಪಕ್ಕದವನ ಅಣ್ಣನ ಹೆಸರು ಗೊತ್ತಿರುವುದಿಲ್ಲ. ಕ್ಯಾಂಪಿನಲ್ಲಿ ಸಿಗುವುದು ಆ ಮಾತಾಡುವ ಹೊತ್ತು. ಊಟದ ಸಾಲು, ಪಾತ್ರೆ ತೊಳೆಯುವ ಜಾಗ, ದೀಪ ಆರಿದ ಮೇಲಿನ ಹತ್ತು ನಿಮಿಷ. ಆದ್ದರಿಂದ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಏನು ಮಾಡುತ್ತೀರಿ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಮೈದಾನದ ಕೆಲಸವನ್ನು ಆಮೇಲೆ ತುಂಬಿಸಿ.

ಎಷ್ಟು ರಾತ್ರಿ, ಯಾವ ವಯಸ್ಸು

ಹತ್ತು ವರ್ಷದೊಳಗಿನವರಿಗೆ ಒಂದು ರಾತ್ರಿ ಸಾಕು. 11ರಿಂದ 14ರವರಿಗೆ ಎರಡು ರಾತ್ರಿ ಸರಿಯಾದ ಅಳತೆ. ಒಂದೇ ರಾತ್ರಿ ಆದರೆ ಮಕ್ಕಳು ಖುಷಿಗೆ ನಿದ್ದೆಯನ್ನೇ ಮಾಡುವುದಿಲ್ಲ, ಮಾರನೇ ದಿನ ಸುಸ್ತಾಗಿ ಮನೆಗೆ ಹೋಗುತ್ತಾರೆ. ಎರಡನೇ ರಾತ್ರಿಗೆ ಜಾಗ ಒಗ್ಗಿರುತ್ತದೆ, ಗಲಾಟೆ ಇಳಿದಿರುತ್ತದೆ. ನಿಜವಾದ ಮಾತು ಶುರುವಾಗುವುದು ಆಗ. ಮೊದಲ ಸಲವಾದರೆ ಪೋಷಕರು ಒಂದೆರಡು ಗಂಟೆಯಲ್ಲಿ ಬಂದು ಮುಟ್ಟುವಷ್ಟು ದೂರದ ಜಾಗವೇ ಇರಲಿ.

ದೊಡ್ಡ ಅಕಾಡೆಮಿಗಳನ್ನು ನೋಡಿ ಹೆಚ್ಚು ದಿನ ಇಡುವ ಆಸೆ ಬರುತ್ತದೆ. ಆದರೆ ಅವರೂ ಮನೆಯ ನಂಟನ್ನು ಬಿಡಿಸುವುದಿಲ್ಲ. 1988ರಲ್ಲಿ ಶುರುವಾದ ಫ್ರಾನ್ಸಿನ ಕ್ಲೇರ್‌ಫೊಂಟೇನ್ ಫುಟ್ಬಾಲ್ ತರಬೇತಿ ಕೇಂದ್ರದಲ್ಲಿ 13ರಿಂದ 15 ವರ್ಷದ ಮಕ್ಕಳು ವಾರದ ದಿನಗಳಲ್ಲಿ ಅಲ್ಲೇ ಉಳಿಯುತ್ತಿದ್ದರು. ವಾರಾಂತ್ಯಕ್ಕೆ ಮನೆಗೆ ಹೋಗಿ ತಮ್ಮ ತಮ್ಮ ಕ್ಲಬ್ಬಿಗೆ ಆಡುತ್ತಿದ್ದರು. ಫ್ರಾನ್ಸಿನ ಸ್ಟಾರ್ ಆಟಗಾರ ಎಂಬಪ್ಪೆ ಕಲಿತದ್ದು ಅಲ್ಲಿ. ಅಂಥ ಜಾಗದಲ್ಲೇ ಮನೆಗೆ ಅಷ್ಟು ಬೆಲೆ ಕೊಡುತ್ತಿದ್ದರು ಅಂದಮೇಲೆ ನಾವು ಆರು ದಿನದ ಕ್ಯಾಂಪ್ ಮಾಡಿ ಏನನ್ನೂ ಸಾಧಿಸಬೇಕಾಗಿಲ್ಲ.

ಹೊರಡುವ ಮೊದಲು

ಮೊದಲು ದೊಡ್ಡವರನ್ನು ಹುಡುಕಿ. ಎಷ್ಟು ಜನ ಬೇಕು ಅನ್ನುವುದಕ್ಕೆ ಬ್ರಿಟನ್ನಿನ ಮಕ್ಕಳ ರಕ್ಷಣೆಯ ಸಂಸ್ಥೆ ಎನ್‌ಎಸ್‌ಪಿಸಿಸಿ ಒಂದು ಲೆಕ್ಕ ಹೇಳುತ್ತದೆ. 9ರಿಂದ 12 ವರ್ಷದ ಎಂಟು ಮಕ್ಕಳಿಗೆ ಒಬ್ಬರು, 13ರಿಂದ 18 ವರ್ಷದ ಹತ್ತು ಮಕ್ಕಳಿಗೆ ಒಬ್ಬರು. ಮಕ್ಕಳು ಎಷ್ಟೇ ಕಡಿಮೆ ಇದ್ದರೂ ಇಬ್ಬರಿಗಿಂತ ಕಡಿಮೆ ದೊಡ್ಡವರು ಇರಬಾರದು. ನಾನು ಇದರ ಮೇಲೆ ಇನ್ನೊಬ್ಬರನ್ನು ಸೇರಿಸುತ್ತೇನೆ. ಯಾರಿಗಾದರೂ ಪೆಟ್ಟಾಗಿ ಒಬ್ಬರು ಆಸ್ಪತ್ರೆಗೆ ಹೋದರೆ ಉಳಿದ ಮಕ್ಕಳ ಹತ್ತಿರ ಆಗಲೂ ಇಬ್ಬರು ಇರಬೇಕು. ತಂಡದಲ್ಲಿ ಹುಡುಗಿಯರಿದ್ದರೆ ಒಬ್ಬ ಮಹಿಳೆ ಬರಲೇಬೇಕು.

ಕೆಲವು ನಿಯಮಗಳಲ್ಲಿ ಸಡಿಲ ಬಿಡಬೇಡಿ. ದೊಡ್ಡವರು ಮಕ್ಕಳ ರೂಮಿನಲ್ಲಿ ಮಲಗುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಇರುವುದಿಲ್ಲ. ಮಕ್ಕಳು ಸ್ನಾನ ಮಾಡುವ ಹೊತ್ತು ಬೇರೆ, ದೊಡ್ಡವರದ್ದು ಬೇರೆ. ರೂಮಿನಲ್ಲಿ, ಬಾತ್‌ರೂಮಿನ ಹತ್ತಿರ ಫೋನ್ ಕ್ಯಾಮೆರಾ ತೆಗೆಯುವಂತಿಲ್ಲ. ಇದು ಮಕ್ಕಳಿಗೂ ಅನ್ವಯ, ನಮಗೂ ಅನ್ವಯ. ಯಾರಾದರೂ ಮುಜುಗರವಾಗುವಂತೆ ನಡೆದುಕೊಂಡರೆ ಯಾರಿಗೆ ಹೇಳಬೇಕು ಅನ್ನುವುದನ್ನು ಮೊದಲ ಸಂಜೆಯೇ ಎಲ್ಲರ ಮುಂದೆ ಹೇಳಿ. ಇಬ್ಬರ ಹೆಸರು ಕೊಡಿ, ಒಬ್ಬರದ್ದಲ್ಲ.

ಪೋಷಕರಿಂದ ಒಂದು ಹಾಳೆ ಬರೆಸಿಕೊಳ್ಳಿ. ಅಲರ್ಜಿ, ಆಸ್ತಮಾ, ಫಿಟ್ಸ್, ದಿನಾ ತೆಗೆದುಕೊಳ್ಳುವ ಮಾತ್ರೆ ಮತ್ತು ಅದರ ಹೊತ್ತು, ಎರಡು ಫೋನ್ ನಂಬರ್. ಹಾಳೆಯಲ್ಲಿ ಬರೆಯಲು ಹಿಂಜರಿಯುವ ವಿಷಯಗಳೂ ಇರುತ್ತವೆ. ಹಾಗಾಗಿ ನಾನು ಪ್ರತಿ ಮನೆಗೂ ಫೋನ್ ಮಾಡಿ, "ರಾತ್ರಿ ನಿದ್ದೆಯ ವಿಷಯದಲ್ಲಿ ನನಗೆ ಗೊತ್ತಿರಬೇಕಾದ್ದು ಏನಾದರೂ ಇದೆಯಾ?" ಅಂತ ಕೇಳುತ್ತೇನೆ. ಒಂದು ಸಲ ಒಬ್ಬ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗ ಆಗಾಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಅದಕ್ಕೇ ಕಳಿಸುವುದು ಬೇಡ ಅಂದುಕೊಂಡಿದ್ದೇವೆ ಅಂದರು. ಕಳಿಸಿ ಅಂದೆ. ಅವನಿಗೆ ಬಾಗಿಲ ಪಕ್ಕದ ಹಾಸಿಗೆ ಕೊಟ್ಟೆ. ಒಂದು ಕಪ್ಪು ಚೀಲದಲ್ಲಿ ಎರಡು ಬೆಡ್‌ಶೀಟ್, ಅವನ ಅಳತೆಯ ಒಂದು ಪ್ಯಾಂಟ್ ಇಟ್ಟುಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ಬಾಗಿಲಲ್ಲೇ ನಿಂತು ಮೆಲ್ಲಗೆ ಕರೆದರೆ ತಾನೇ ಎದ್ದು ಹೋಗಿ ಬರುತ್ತಿದ್ದ. ಎರಡು ರಾತ್ರಿ ಕಳೆಯಿತು, ಚೀಲ ತೆರೆಯಲೇ ಇಲ್ಲ. ಅಂದಿನಿಂದ ಆ ಚೀಲ ಪ್ರತಿ ಕ್ಯಾಂಪಿಗೂ ಬರುತ್ತದೆ, ಯಾರೂ ಕೇಳದಿದ್ದರೂ.

ಮಕ್ಕಳ ಬ್ಯಾಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಿನ್‌ಗಾರ್ಡ್, ಪ್ರತಿ ಪ್ರಾಕ್ಟೀಸಿಗೂ ಒಂದು ಜೊತೆ ಸಾಕ್ಸ್, ಒದ್ದೆ ಬಟ್ಟೆಗೆ ಬೇರೆ ಚೀಲ, ಎಲ್ಲದರ ಮೇಲೂ ಹೆಸರು. ಒಂದನ್ನು ಮಾತ್ರ ಒತ್ತಿ ಹೇಳಿ: ಕ್ಯಾಂಪಿಗೆಂದು ಹೊಸ ಬೂಟು ಕೊಡಿಸಬೇಡಿ. ಕೊಡಿಸಿದ್ದರೆ ಎರಡು ವಾರ ಮುಂಚೆಯೇ ಹಾಕಿ ಆಡಲಿ. ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಆ ಹುಡುಗನ ಕ್ಯಾಂಪ್ ಅಲ್ಲಿಗೇ ಮುಗಿಯಿತು.

ಪೋಷಕರಿಗೆ ಇನ್ನೂ ಒಂದು ಮಾತು ಹೇಳಬೇಕು. "ಬೇಜಾರಾದರೆ ಒಂದು ಫೋನ್ ಮಾಡು, ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ" ಅಂತ ಮಗುವಿಗೆ ಮಾತು ಕೊಡಬೇಡಿ ಅಂತ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಮಗುವಿಗೆ ಕೇಳಿಸುವುದು, "ನಿನ್ನ ಕೈಲಿ ಆಗಲ್ಲ ಅಂತ ನಮಗೂ ಅನ್ನಿಸಿದೆ" ಅಂತ. ಅದರ ಬದಲು ಕ್ಯಾಂಪಿಗೆ ಒಂದೆರಡು ವಾರ ಮೊದಲು ನೆಂಟರ ಮನೆಯಲ್ಲಿ ಒಂದು ರಾತ್ರಿ ಬಿಟ್ಟು ನೋಡಲಿ.

ಯಾರ ಪಕ್ಕ ಯಾರು

ಪ್ರತಿ ಹುಡುಗನಿಂದಲೂ ಎರಡು ಹೆಸರು ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ. ಅದರಲ್ಲಿ ಒಬ್ಬ ಅವನ ರೂಮಿನಲ್ಲಿ ಖಂಡಿತ ಇರುತ್ತಾನೆ ಅಂತ ಮಾತು ಕೊಡುತ್ತೇನೆ. ಎರಡನೆಯವನ ಬಗ್ಗೆ ಮಾತು ಕೊಡುವುದಿಲ್ಲ. ಹೀಗೆ ಮಾಡಿದರೆ ಯಾರೂ ಒಂಟಿಯಾಗುವುದಿಲ್ಲ, ಹಳೇ ಗುಂಪು ಇಡಿಯಾಗಿ ಒಂದೇ ರೂಮು ಸೇರುವುದೂ ಇಲ್ಲ. ಚೀಟಿಗಳಲ್ಲಿ ಯಾರ ಹೆಸರು ಒಂದು ಸಲವೂ ಬಂದಿಲ್ಲ ಅಂತ ನೋಡಿಕೊಳ್ಳಿ. ಆ ಹುಡುಗನಿಗಾಗಿಯೇ ಕ್ಯಾಂಪ್ ಮಾಡುತ್ತಿದ್ದೇವೆ ಅಂದುಕೊಂಡು ಅವನ ರೂಮನ್ನು ಮೊದಲು ತುಂಬಿ. ಮಾತುಗಾರನಾಗಿದ್ದೂ ಯಾರನ್ನೂ ಚುಚ್ಚದ ಹುಡುಗ ಒಬ್ಬ ಎಲ್ಲ ತಂಡದಲ್ಲೂ ಇರುತ್ತಾನೆ, ಅಲ್ವಾ? ಅವನನ್ನು ಅಲ್ಲಿ ಹಾಕಿ.

ಮೈದಾನದಲ್ಲಿ ಅಕ್ಕಪಕ್ಕ ಆಡುವವರನ್ನು ಒಂದೇ ರೂಮಿಗೆ ಹಾಕುವುದು ನನ್ನ ಇನ್ನೊಂದು ರೂಢಿ. ಕೀಪರ್ ಜೊತೆ ಇಬ್ಬರು ಸೆಂಟರ್ ಬ್ಯಾಕ್. ಎಡಗಡೆ ಬ್ಯಾಕ್ ಜೊತೆ ಎಡಗಡೆ ವಿಂಗರ್.

ಮೈದಾನದಲ್ಲಿ ಎಷ್ಟು

ನನ್ನ ಮೊದಲ ಕ್ಯಾಂಪಿನಲ್ಲಿ ದಿನಕ್ಕೆ ನಾಲ್ಕು ಸಲ ಪ್ರಾಕ್ಟೀಸ್ ಇಟ್ಟಿದ್ದೆ. ಇಷ್ಟು ದೂರ ಬಂದಿದ್ದೇವೆ, ಸಮಯ ವ್ಯರ್ಥ ಆಗಬಾರದು ಅನ್ನಿಸಿತ್ತು. ಎರಡನೇ ದಿನ ಬೆಳಿಗ್ಗೆ ಹತ್ತಕ್ಕೆ ಐದು ಗಜದ ಪಾಸ್ ಕೂಡ ತಪ್ಪುತ್ತಿತ್ತು. ಒಬ್ಬ ಹುಡುಗ ತೊಡೆಯ ಹಿಂಭಾಗ ಹಿಡಿದುಕೊಂಡು ಕೂತ. ಮೂರು ವಾರ ಅವನು ಆಡಲಿಲ್ಲ. ಅದು ಪೂರ್ತಿ ನನ್ನ ತಪ್ಪು.

ಈಗ ದಿನಕ್ಕೆ ಎರಡು. ಬೆಳಿಗ್ಗೆ ಒಂದು, ಸಂಜೆ ಒಂದು, ತಲಾ 75 ನಿಮಿಷ. ಮಧ್ಯಾಹ್ನದ ಬಿಸಿಲಲ್ಲಿ ಏನೂ ಇಲ್ಲ, ಮಲಗಲಿ. ವಾರ್ಮಪ್‌ಗೆ ಫಿಫಾದ '11+ ಕಿಡ್ಸ್' ಮಾಡಿಸುತ್ತೇನೆ. 7ರಿಂದ 13 ವರ್ಷದವರಿಗೆಂದೇ ಮಾಡಿದ್ದು, ಏಳು ವ್ಯಾಯಾಮ, ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿಯುವುದು, ಬೀಳುವುದನ್ನು ಕಲಿಯುವುದು, ಹೀಗೆ. ಯುರೋಪಿನ ನಾಲ್ಕು ದೇಶಗಳ ಮಕ್ಕಳ ತಂಡಗಳಲ್ಲಿ ಪರೀಕ್ಷೆ ಮಾಡಿದಾಗ, ಇದನ್ನು ಮಾಡಿದವರಲ್ಲಿ ಗಾಯಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆಯಾಗಿದ್ದವು. ಇದನ್ನು ಕ್ಯಾಂಪಿನಲ್ಲಿ ನಾಲ್ಕು ಸಲ ಮಾಡಿದರೆ ಮಕ್ಕಳಿಗೆ ಬಾಯಿಪಾಠವಾಗಿಬಿಡುತ್ತದೆ. ಆಮೇಲೆ ವರ್ಷವಿಡೀ ನೀವು ಹೇಳಿಕೊಡಬೇಕಿಲ್ಲ.

ಏನು ಆಡಿಸಬೇಕು? ವಾರದ ಪ್ರಾಕ್ಟೀಸಿನಲ್ಲಿ ಕೈಗೆ ಹತ್ತದ್ದನ್ನು. ಥ್ರೋ, ಕಾರ್ನರ್, ಫ್ರೀ ಕಿಕ್, ಗೋಲ್ ಬಿದ್ದ ಮೇಲಿನ ಮೊದಲ ಎರಡು ನಿಮಿಷ ಹೇಗೆ ನಿಲ್ಲಬೇಕು ಅನ್ನುವುದು. ಇವೆಲ್ಲ ಒಬ್ಬನ ಕೌಶಲದ ವಿಷಯವಲ್ಲ, ಹನ್ನೊಂದು ಜನ ಒಂದೇ ಮಾತಿಗೆ ಬರುವ ವಿಷಯ. ಸಣ್ಣವರಿಗೆ ಹೆಡಿಂಗ್, ಅಂದರೆ ತಲೆಯಿಂದ ಬಾಲ್ ಹೊಡೆಯುವ, ಡ್ರಿಲ್ ಬೇಡ. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು ಪ್ರೈಮರಿ ವಯಸ್ಸಿನ ಮಕ್ಕಳಿಗೆ ಪ್ರಾಕ್ಟೀಸಿನಲ್ಲಿ ಹೆಡಿಂಗ್ ಮಾಡಿಸಬೇಡಿ ಅಂದಿವೆ. ನಾನೂ ಅದನ್ನೇ ಪಾಲಿಸುತ್ತೇನೆ.

ತಲೆಗೆ ಪೆಟ್ಟು ಬಿದ್ದರೆ, ಮಗು ಎಷ್ಟೇ "ಏನೂ ಆಗಿಲ್ಲ ಸರ್" ಅಂದರೂ, ಸಂಶಯ ಬಂದರೆ ಸಾಕು, ಅವತ್ತು ಮತ್ತೆ ಆಡುವಂತಿಲ್ಲ. ಮನೆಗೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಎಚ್ಚರವಾಗದ ಮಂಪರು, ತೊದಲು ಮಾತು ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ. ರಾತ್ರಿ ತಂಗುವ ಕ್ಯಾಂಪಿನಲ್ಲಿ ಇದಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಮನೆಯಲ್ಲಾದರೆ ಅಮ್ಮ ಪಕ್ಕದಲ್ಲಿರುತ್ತಾರೆ, ಇಲ್ಲಿ ನೋಡಿಕೊಳ್ಳುವವರು ನಾವೇ. ಗುಡುಗು ಕೇಳಿದರೆ ಎಲ್ಲರೂ ಒಳಗೆ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯದೆ ಹೊರಗೆ ಬರುವಂತಿಲ್ಲ.

ಸಂಜೆ

ಊಟಕ್ಕೆ ಮೊದಲು ಮನೆಗೆ ಫೋನ್. ಮಲಗುವಾಗ ಬೇಡ. ನಾನು ಇದನ್ನು ಕಷ್ಟಪಟ್ಟು ಕಲಿತೆ. ಮಲಗುವ ಹೊತ್ತಿಗೆ ಅಮ್ಮನ ದನಿ ಕೇಳಿದರೆ ಗಟ್ಟಿ ಹುಡುಗರೂ ಕರಗಿಬಿಡುತ್ತಾರೆ, ಒಬ್ಬ ಅತ್ತರೆ ರೂಮೆಲ್ಲ ಅಳುತ್ತದೆ. ಊಟಕ್ಕೆ ಮುಂಚೆ ಮಾತಾಡಿದರೆ ಆ ನೆನಪು ಮಾಸಲು ಎರಡು ಗಂಟೆ ಸಿಗುತ್ತದೆ. ಆಮೇಲೆ ಫೋನುಗಳೆಲ್ಲ ನನ್ನ ಡಬ್ಬಿಗೆ.

ಊಟ ಆದ ಮೇಲೆ ಕೆಲಸ. ಪಾತ್ರೆ ತೊಳೆಯುವುದು, ಬಿಬ್ (ಪ್ರಾಕ್ಟೀಸಿನಲ್ಲಿ ತಂಡ ಗುರುತಿಸಲು ಹಾಕುವ ಮೇಲಂಗಿ) ಒಗೆಯುವುದು, ಬಾಲ್ ಎಣಿಸುವುದು. ಪಟ್ಟಿಯಲ್ಲಿ ಮೊದಲ ಹೆಸರು ತಂಡದಲ್ಲಿ ಜಾಸ್ತಿ ಗೋಲ್ ಹೊಡೆಯುವವನದ್ದಾಗಿರಲಿ, ಅವನ ಪಕ್ಕದಲ್ಲಿ ನೀವೂ ನಿಂತು ತೊಳೆಯಿರಿ. ನಾನು ಕ್ಯಾಪ್ಟನ್ನನ್ನು ಆರಿಸುವುದು ಕ್ಯಾಂಪ್ ಆದ ಮೇಲೆ. ಯಾರೂ ನೋಡದಿದ್ದಾಗ ಉಳಿದ ಕೋನ್‌ಗಳನ್ನು ಎತ್ತಿಕೊಂಡು ಬರುವವನು ಯಾರು ಅಂತ ಎರಡು ದಿನದಲ್ಲಿ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಆಮೇಲೆ ನನಗೆ ತುಂಬಾ ಇಷ್ಟವಾದ ಭಾಗ. ಪ್ರತಿ ರೂಮಿಗೂ ಇಪ್ಪತ್ತೆರಡು ಬಾಟಲಿ ಮುಚ್ಚಳ, ಒಂದು ಸೀಮೆಸುಣ್ಣ ಕೊಡುತ್ತೇನೆ. ನೆಲದ ಮೇಲೆ ಗೋಲ್ ಬಾಕ್ಸ್ ಬರೆದು, ತಮ್ಮದೇ ಒಂದು ಕಾರ್ನರ್ ಕಿಕ್ ಯೋಚಿಸಬೇಕು. ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಯಾವ ಕಡೆ ಓಡುತ್ತಾರೆ, ಬಾಲ್ ಎಲ್ಲಿ ಬೀಳಬೇಕು. ಅರ್ಧ ಗಂಟೆ ಸಮಯ. ಮಾರನೇ ಬೆಳಿಗ್ಗೆ ಮೈದಾನದಲ್ಲಿ ಮಾಡಿ ತೋರಿಸಬೇಕು. ದೊಡ್ಡವರು ಬಾಯಿ ಹಾಕುವಂತಿಲ್ಲ. ಇದು ಕಟ್ಟುನಿಟ್ಟು.

ಕಳೆದ ಕ್ಯಾಂಪಿನಲ್ಲಿ ಒಂದು ರೂಮಿನ ಮುಂದೆ ನಿಂತು ನೋಡುತ್ತಿದ್ದೆ. ಐವರು ಒಟ್ಟಿಗೇ ಮಾತಾಡುತ್ತಿದ್ದರು. ಮುಚ್ಚಳಗಳೆಲ್ಲ ಗೋಲಿನ ಬಾಯಲ್ಲಿ ಗುಂಪಾಗಿದ್ದವು. ಆರನೆಯವನು ಹೆಚ್ಚಾಗಿ ಹೊರಗೆ ಬೆಂಚಿನಲ್ಲೇ ಕೂರುವ ಬದಲಿ ಆಟಗಾರ. ಪಂದ್ಯದಲ್ಲಿ ಕೊನೆಯ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಪ್ರಾಕ್ಟೀಸಿನಲ್ಲಿ ಅವನ ದನಿ ನಾನು ಕೇಳಿದ್ದೇ ಕಡಿಮೆ. ಅವನು ಮಂಡಿಯೂರಿ ಮುಂದೆ ಬಂದು, ಏನೂ ಮಾತಾಡದೆ, ಒಂದು ಮುಚ್ಚಳವನ್ನು ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಬಾಕ್ಸಿನ ಹೊರಗೆ ತಂದಿಟ್ಟ. "ಇವನನ್ನ ಯಾರೂ ನೋಡಲ್ಲ" ಅಂದ. "ಎಲ್ಲರೂ ಒಳಗೆ ಓಡ್ತಾರಲ್ಲ, ಅವರ ಹಿಂದೆ ಅವರ ಡಿಫೆಂಡರ್‌ಗಳೂ ಹೋಗ್ತಾರೆ. ಬಾಲ್ ಇಲ್ಲಿಗೆ ಕೊಡಿ." ಒಬ್ಬ ಕೇಳಿದ, "ನಿಂಗೆ ಹೇಗೆ ಗೊತ್ತು?" ಅವನು ಹೇಳಿದ, "ನಾನು ಹೊರಗೆ ಕೂತು ನೋಡ್ತಾ ಇರ್ತೀನಲ್ಲ."

ಮಾರನೇ ಬೆಳಿಗ್ಗೆ ನಾಲ್ಕು ಸಲ ಮಾಡಿದರು. ಮೂರು ಸಲ ಬಾಲ್ ಎಲ್ಲೋ ಹೋಯಿತು. ನಾಲ್ಕನೇ ಸಲ ಸರಿಯಾಗಿ ಅವನು ಹೇಳಿದ ಜಾಗಕ್ಕೆ ಬಂತು. ಅದಾದ ಮೇಲೆ ಆ ಹುಡುಗರು ಬೆಂಚಿನ ಕಡೆ ತಿರುಗಿ ಅವನನ್ನು ಕೇಳುವುದು ಶುರುವಾಯಿತು. ಅವನು ಈಗಲೂ ಜಾಸ್ತಿ ಹೊರಗೇ ಇರುತ್ತಾನೆ. ಆದರೆ ಸುಮ್ನೆ ಕೂತಿರುವುದಿಲ್ಲ.

ದಿನದ ಕೊನೆಗೆ ಎಲ್ಲರೂ ಸುತ್ತ ಕೂರುತ್ತೇವೆ, ಇಪ್ಪತ್ತು ನಿಮಿಷ. ನಾನು ಭಾಷಣ ಮಾಡುವುದಿಲ್ಲ. ಒಂದೇ ಪ್ರಶ್ನೆ: "ಇವತ್ತು ನಿನಗೆ ಯಾರು ಸಹಾಯ ಮಾಡಿದರು, ಏನು ಮಾಡಿದರು?" 'ಎಲ್ಲರೂ ಮಾಡಿದರು' ಅನ್ನುವಂತಿಲ್ಲ. ಹೆಸರು ಹೇಳಬೇಕು, ಕೆಲಸ ಹೇಳಬೇಕು. ಮಾತು ಬೇಡ ಅನ್ನುವವನನ್ನು ಬಲವಂತ ಮಾಡಬೇಡಿ, ಎರಡನೇ ರಾತ್ರಿ ಅವನೇ ಹೇಳುತ್ತಾನೆ.

ಹೊಸಬರಿಗೆ 'ಪರೀಕ್ಷೆ', ಹಾಡಿಸುವುದು, ಮಲಗಿದವರ ಮುಖಕ್ಕೆ ಏನಾದರೂ ಬಳಿಯುವುದು, ಇಂಥದ್ದಕ್ಕೆ ನನ್ನ ಕ್ಯಾಂಪಿನಲ್ಲಿ ಜಾಗ ಇಲ್ಲ. ತಮಾಷೆ ಅಂತ ಶುರುವಾಗುತ್ತದೆ. ಅದು ತಮಾಷೆ ಅನ್ನಿಸುವುದು ಮಾಡುವವನಿಗೆ ಮಾತ್ರ.

ಮನೆ ನೆನಪಾದಾಗ

ಯಾರಾದರೂ ಒಬ್ಬರಿಗೆ ಆಗಿಯೇ ಆಗುತ್ತದೆ. 2010ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲ್ ಹೊಡೆದ ಇನಿಯೆಸ್ಟಾ 12ನೇ ವಯಸ್ಸಿನಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಮಕ್ಕಳ ಅಕಾಡೆಮಿ ಲಾ ಮಾಸಿಯಾಗೆ ಬಂದಾಗ ತುಂಬಾ ಅತ್ತಿದ್ದರು. ಅವರೇ ಹೇಳಿಕೊಂಡಿದ್ದಾರೆ. ಮಕ್ಕಳಿಗೆ ಇದನ್ನು ಮೊದಲ ಸಂಜೆಯೇ ಹೇಳಿ, ಅಳು ಬರುವ ಮುಂಚೆ.

ಅಳುವ ಹುಡುಗನಿಗೆ ಸಮಾಧಾನಕ್ಕಿಂತ ಕೆಲಸ ಬೇಕು. ಒಂದು ರಾತ್ರಿ ಒಬ್ಬ ಶೂ ಬಿಡುವ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಪಕ್ಕದಲ್ಲಿ ಪಂಪು ಇಟ್ಟು, "ಹದಿನಾಲ್ಕು ಬಾಲ್ ಇದೆ, ನಾಳೆಗೆ ಗಾಳಿ ನೋಡಬೇಕು, ಕೈ ಕೊಡ್ತೀಯಾ?" ಅಂದೆ. ಮೊದಲ ಮೂರು ಬಾಲಿಗೆ ಮಾತೇ ಇಲ್ಲ. ನಾಲ್ಕನೆಯದನ್ನು ಒತ್ತಿ ನೋಡಿ, "ಇದು ಮೆತ್ತಗಿದೆ ಸರ್" ಅಂದ. ಹನ್ನೊಂದನೆಯದರ ಹೊತ್ತಿಗೆ ತನ್ನ ಮನೆಯ ನಾಯಿಯ ಕತೆ ಹೇಳುತ್ತಿದ್ದ. ಇನ್ನೊಬ್ಬ ಕೋಚ್ ಎದುರಿನ ಬೆಂಚಿನಲ್ಲೇ ಇದ್ದರು, ದೀಪ ಉರಿಯುತ್ತಿತ್ತು. ಅದೂ ಮುಖ್ಯ. ಹದಿನಾಲ್ಕೂ ಮುಗಿದಾಗ ಹೋಗಿ ಮಲಗಿದ.

ಇಷ್ಟಾದರೂ ಊಟ ಬಿಟ್ಟರೆ, ನಿದ್ದೆ ಪೂರ್ತಿ ಹೋದರೆ, ಮನೆಯವರನ್ನು ಕರೆಸಿ. ಬೆಳಿಗ್ಗೆ ಉಳಿದವರಿಗೆ, "ಅವನು ಮುಂದಿನ ಸಲ ಬರ್ತಾನೆ" ಅಂತ ಮಾತ್ರ ಹೇಳಿ.

ನಿದ್ದೆ, ಮತ್ತು ವಾಪಸ್ ಬಂದ ಮೇಲೆ

ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಲೆಕ್ಕ: 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ನಾವು ಒಂಬತ್ತೂವರೆಗೆ ದೀಪ ಆರಿಸುತ್ತೇವೆ, ಆರೂವರೆಗೆ ಎಬ್ಬಿಸುತ್ತೇವೆ. ಮೊದಲ ರಾತ್ರಿ ಇಷ್ಟು ನಿದ್ದೆ ಆಗುವುದಿಲ್ಲ. ಅದನ್ನು ಒಪ್ಪಿಕೊಂಡು ಮೊದಲ ಬೆಳಗಿನ ಪ್ರಾಕ್ಟೀಸನ್ನು ಹಗುರ ಮಾಡಿ. ಕಾರ್ನರ್ ತೋರಿಸುವುದು ಆವತ್ತೇ ಇರಲಿ, ಅದರಲ್ಲಿ ಓಟ ಕಡಿಮೆ.

ವಾಪಸ್ ಬಂದ ಮೇಲೆ ಎರಡು ದಿನ ಬಾಲ್ ಮುಟ್ಟಿಸಬೇಡಿ. ಆ ವಾರದೊಳಗೆ ಪ್ರತಿ ಮನೆಗೂ ಒಂದು ಫೋನ್ ಮಾಡಿ. ಮಗ ಏನು ಹೇಳಿದ ಅಂತ ಕೇಳಿ, ಅಲ್ಲಿ ನಿಮಗೆ ಕಾಣದ್ದು ಮನೆಯಲ್ಲಿ ಗೊತ್ತಾಗಿರುತ್ತದೆ. ಆರೋಗ್ಯದ ಹಾಳೆಗಳನ್ನು ಪೋಷಕರಿಗೇ ವಾಪಸ್ ಕೊಟ್ಟುಬಿಡಿ. ಮೊದಲ ಪ್ರಾಕ್ಟೀಸಿಗೆ ಹುಡುಗರು ಮಾಡಿದ ಕಾರ್ನರ್‌ಗಳ ಪಟ್ಟಿ ಜೇಬಿನಲ್ಲಿರಲಿ, ಪ್ರತಿಯೊಂದಕ್ಕೂ ಆ ರೂಮಿನ ನಂಬರೇ ಹೆಸರು. ಪಂದ್ಯದ ದಿನ ಬದಿಯಿಂದ ನೀವು "ನಾಲ್ಕು!" ಅಂತ ಕೂಗಿದರೆ ಸಾಕು. ನಾಲ್ಕನೇ ರೂಮಿನವರು ಎದುರು ತಂಡಕ್ಕೆ ಕಾಣದ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡು ಜಾಗ ಹಿಡಿಯುತ್ತಾರೆ.